ನೀರಡಿಯ ರೆಕ್ಕೆ, ಬೆನ್ನ ಹಿಂದಿನ ಗಾಳಿ

1983ರ ಸೆಪ್ಟೆಂಬರ್ 26. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಊರಿನಾಚೆ, ಅಟ್ಲಾಂಟಿಕ್ ಸಾಗರದ ಮೇಲೆ ಗಾಳಿ ಮೆಲ್ಲಗೆ ಬೀಸುತ್ತಿತ್ತು. ಎರಡು ಹಾಯಿದೋಣಿಗಳು, ಒಂದೊಂದರಲ್ಲಿ 11 ಮಂದಿ, ಸುತ್ತ ನೋಡುಗರ ದೋಣಿಗಳ ಜಾತ್ರೆ. ‘ಅಮೆರಿಕಾಸ್ ಕಪ್’ ಎಂಬ ಬೆಳ್ಳಿಯ ಹೂಜಿಗಾಗಿ ನಡೆದ ಏಳು ಪಂದ್ಯಗಳ ಸರಣಿಯ ಕೊನೆಯ ದಿನ ಅದು. ಸರಣಿ 3-3ರಲ್ಲಿ ಸಮವಾಗಿತ್ತು.

1851ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪವನ್ನು ಸುತ್ತುವ ಪಂದ್ಯದಲ್ಲಿ ‘ಅಮೆರಿಕ’ ಎಂಬ ಹಡಗು ಗೆದ್ದು ತಂದ ಹೂಜಿ ಇದು. ಅಲ್ಲಿಂದಾಚೆಗೆ 24 ಸಲ ಸವಾಲು ಬಂದರೂ ಅದು ಅಮೆರಿಕ ಬಿಟ್ಟು ಕದಲಿರಲಿಲ್ಲ. ಅದನ್ನು ಕಳೆದುಕೊಂಡ ನಾಯಕನ ತಲೆಯನ್ನೇ ಹೂಜಿಯ ಜಾಗದಲ್ಲಿ ಇಡಬೇಕೆಂಬ ಕುಚೋದ್ಯ ನ್ಯೂಯಾರ್ಕ್ ಯಾಟ್ ಕ್ಲಬ್ಬಿನ ಸುತ್ತ ಹಳೆಯದು. ಅಂದು ಆ ತಲೆ ‘ಲಿಬರ್ಟಿ’ಯ ನಾಯಕ ಡೆನ್ನಿಸ್ ಕಾನರ್ ಅವರದು. 3-1ರಲ್ಲಿ ಮುಂದಿದ್ದ ಅವರು ಎರಡು ಪಂದ್ಯ ಸತತವಾಗಿ ಸೋತು ಈ ದಿನಕ್ಕೆ ಬಂದಿದ್ದರು.

ಎದುರಾಳಿ ‘ಆಸ್ಟ್ರೇಲಿಯಾ 2’. ನಾಯಕ ಜಾನ್ ಬರ್ಟ್ರಂಡ್, ವಿನ್ಯಾಸಕಾರ ಬೆನ್ ಲೆಕ್ಸನ್. ಬೇಸಿಗೆಯುದ್ದಕ್ಕೂ ಈ ದೋಣಿಯನ್ನು ನೀರಿನಿಂದ ಎತ್ತಿದಾಗಲೆಲ್ಲ ಅದರ ತಳಕ್ಕೆ ಬಟ್ಟೆಯ ಪರದೆ ಕಟ್ಟುತ್ತಿದ್ದರು. ಒಳಗಿನ ಗುಟ್ಟೆಂದರೆ ರೆಕ್ಕೆ ಮೂಡಿದ ಕೀಲ್.

ಕೀಲ್ ಎಂದರೆ ದೋಣಿಯ ತಳದಿಂದ ನೀರಿಗೆ ಇಳಿಬಿದ್ದ, ಸೀಸದ ಭಾರವಿರುವ ಹಲಗೆ ಎನ್ನಿ. ಗಾಳಿ ಓರೆಯಾಗಿ ಬಂದಾಗ ಹಾಯಿ ದೋಣಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಕೀಲ್ ತಡೆಯುತ್ತದೆ. ಹಸಿ ಹಲಸಿನ ಬೀಜವನ್ನು ಎರಡು ಬೆರಳ ನಡುವೆ ಒತ್ತಿ ನೋಡಿ, ಮುಂದಕ್ಕೆ ಚಿಮ್ಮುತ್ತದೆ. ದೋಣಿಯೂ ಹೆಚ್ಚುಕಡಿಮೆ ಹಾಗೆಯೇ ಎದುರುಗಾಳಿಗೆ ಓರೆಯಾಗಿ ಮುಂದೆ ಸಾಗುತ್ತದೆ. ಆದರೆ ಕೀಲಿನ ಒಂದು ಮಗ್ಗುಲಲ್ಲಿ ಒತ್ತಡ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ನೀರು ಸುಮ್ಮನಿರುತ್ತದೆಯೇ? ಕೀಲಿನ ಕೆಳತುದಿಯಿಂದ ನುಸುಳಿ ಸುಳಿಯಾಗಿ ತಿರುಗುತ್ತದೆ. ಆ ಸುಳಿ ತಿನ್ನುವುದು ದೋಣಿಯ ವೇಗವನ್ನೇ. ಕೆಳತುದಿಗೆ ಇಕ್ಕೆಲದಲ್ಲಿ ಇಳಿಜಾರಾದ ರೆಕ್ಕೆ ಹಚ್ಚಿದರೆ ನುಸುಳುವುದು ಕಷ್ಟ. ಜೊತೆಗೆ ಸೀಸದ ಭಾರವೂ ತಳಕ್ಕಿಳಿದು ದೋಣಿ ಹೆಚ್ಚು ನೆಟ್ಟಗೆ ನಿಲ್ಲುತ್ತದೆ. ಇಂದಿನ ವಿಮಾನಗಳ ರೆಕ್ಕೆಯ ತುದಿ ಮೇಲಕ್ಕೆ ಬಾಗಿರುವುದೂ ಇಂಥದೇ ಸುಳಿಯನ್ನು ಕುಗ್ಗಿಸಲು.

ಕೀಲ್ ನಿಯಮಬಾಹಿರವೆಂದು ಸಾರಿಸಲು ಕ್ಲಬ್ಬು ಮಾಡಿದ ಯತ್ನ ಫಲಿಸಲಿಲ್ಲ. ಹೀಗಾಗಿ ಕೊನೆಯ ದಿನದ ಗೆಲುವನ್ನೂ ಜನ ಕೀಲಿನ ಖಾತೆಗೇ ಹಾಕಿಬಿಟ್ಟರು. ಅದು ಪೂರ್ತಿ ಸರಿಯಲ್ಲ.

ಅಂದಿನ ಓಟದಲ್ಲಿ ಆರು ಹಂತ. ನಾಲ್ಕನೆಯದರ ಕೊನೆಗೆ ಲಿಬರ್ಟಿ 57 ಸೆಕೆಂಡು ಮುಂದಿತ್ತು. ಐದನೆಯದು ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಸಾಗುವ ಹಂತ. ಇಲ್ಲಿ ಹಾಯಿಯ ಪಕ್ಕದ ತಳ್ಳಿಕೆ ತೀರ ಕಡಿಮೆ, ರೆಕ್ಕೆಗೆ ಕೆಲಸವೇ ಇಲ್ಲ; ನೀರಿನ ಉಜ್ಜುವಿಕೆಯನ್ನಷ್ಟೇ ಅದು ಹೆಚ್ಚಿಸುತ್ತದೆ. ಹಗುರ ದೋಣಿ ಎಂಬ ಅನುಕೂಲ ಆಸ್ಟ್ರೇಲಿಯಾದವರಿಗೆ ಇತ್ತು ನಿಜ. ಅದಕ್ಕಿಂತ ದೊಡ್ಡದು ಇನ್ನೊಂದು. ಎದುರುಗಾಳಿಯಲ್ಲಿ ಹೊಸ ಬೀಸು ಮೊದಲು ತಲುಪುವುದು ಮುಂದಿರುವವನಿಗೆ. ಗಾಳಿ ಬೆನ್ನಿಗಿದ್ದಾಗ ಲೆಕ್ಕ ತಿರುವುಮುರುವು: ಬೀಸು ಹಿಂದಿನಿಂದ ಬರುವುದರಿಂದ ಮೊದಲ ತುತ್ತು ಹಿಂದಿರುವವನದು. ಮುಂದಿರುವವನು ತಿರುಗಿ ನೋಡುತ್ತಲೇ ಓಡಬೇಕು, ಎದುರಾಳಿ ಹೋದ ಕಡೆ ತಾನೂ ಹೋಗಬೇಕು. ಕಾನರ್ ಬೇರೆ ದಾರಿ ಹಿಡಿದರು. ಬರ್ಟ್ರಂಡ್ ಹಿಡಿದ ಕಡೆ ನೀರ ಮೇಲೆ ಒಳ್ಳೆಯ ಗಾಳಿ ಸಿಕ್ಕಿತು. ಹಂತ ಮುಗಿದಾಗ ಆಸ್ಟ್ರೇಲಿಯಾ 21 ಸೆಕೆಂಡು ಮುಂದೆ! ಒಂದೇ ಹಂತದಲ್ಲಿ 78 ಸೆಕೆಂಡು ಕೈಬದಲಾಗಿತ್ತು.

ಕೊನೆಯ ಹಂತ ಮತ್ತೆ ಎದುರುಗಾಳಿ. ಕಾನರ್ ನಲವತ್ತಕ್ಕೂ ಹೆಚ್ಚು ಸಲ ದಿಕ್ಕು ಬದಲಿಸಿದರು, ತಿರುಗಿದಂತೆ ನಟಿಸಿದರು, ನೋಡುಗರ ದೋಣಿಗಳತ್ತಲೂ ನುಗ್ಗಿದರು. ಬರ್ಟ್ರಂಡ್ ನೆರಳಿನಂತೆ ಅಂಟಿಕೊಂಡು ಗಾಳಿಗೆ ಅಡ್ಡ ನಿಂತರು. ಪಟಪಟನೆ ತಿರುಗುವುದರಲ್ಲಿ ರೆಕ್ಕೆಯ ದೋಣಿಯೇ ಚುರುಕು. ಆ ದಿನ ಕೀಲ್ ಸಂಬಳ ಗಳಿಸಿದ್ದು ಇಲ್ಲಿ. ಅಂತರ 41 ಸೆಕೆಂಡು. ಹೂಜಿ 132 ವರ್ಷಗಳ ಬಳಿಕ ಕೈಬಿಟ್ಟಿತು.

ಅಂದು ರಾತ್ರಿ ದೋಣಿ ದಡಕ್ಕೆ ಬಂದಾಗ ‘ಕೀಲ್ ತೋರಿಸಿ’ ಎಂದು ಜನ ಕೂಗಿದರು. ಒಡೆಯ ಅಲನ್ ಬಾಂಡ್ ಕೈಯೆತ್ತಿ ಸನ್ನೆ ಮಾಡಿದರು, ದೋಣಿ ಪರದೆಯಿಲ್ಲದೆ ಮೇಲೆದ್ದಿತು. ಅದರ ವಿನ್ಯಾಸದಲ್ಲಿ ಹಾಲೆಂಡಿನ ಪ್ರಯೋಗಶಾಲೆಯವರ ಪಾಲೆಷ್ಟು ಎಂಬ ವಾದ ಮುಂದೆ ಬಹಳ ಕಾಲ ನಡೆಯಿತು.

1987ರಲ್ಲಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ಗೇ ಹೋಗಿ 4-0ರಿಂದ ಹೂಜಿಯನ್ನು ಮರಳಿ ತಂದದ್ದು ಅದೇ ಕಾನರ್. ಅಷ್ಟರಲ್ಲಿ ಅವರ ದೋಣಿಗೂ, ಎದುರಾಳಿಯ ದೋಣಿಗೂ ರೆಕ್ಕೆ ಮೂಡಿತ್ತು.