ಮದುವೆಯ ತಾರೀಖು ಮೊದಲೇ ತಿಳಿಸುವ ಕಾರ್ಡು

ಹಗರಿಬೊಮ್ಮನಹಳ್ಳಿಯ ಸೋದರಿಯೊಬ್ಬರು ಕೇಳಿದ್ದಾರೆ: “ಮಗನ ಮದುವೆ ಗೊತ್ತಾಗಿದೆ. ಲಗ್ನಪತ್ರಿಕೆ ಅಚ್ಚಾಗುವುದಕ್ಕೆ ಇನ್ನೂ ಎರಡು ತಿಂಗಳಿದೆ. ಬೆಂಗಳೂರಿನಲ್ಲಿರುವ ಮಗ ಈಗಲೇ ಫೋನಿನಲ್ಲಿ ಸೇವ್ ದ ಡೇಟ್ ಕಾರ್ಡು ಕಳಿಸೋಣ ಅನ್ನುತ್ತಾನೆ. ನಮ್ಮ ಯಜಮಾನರು, ಫೋನಿನಲ್ಲಿ ಕರೆದರೆ ಯಾರು ಬರ್ತಾರೆ ಅನ್ನುತ್ತಾರೆ. ಕಳಿಸುವುದೇ ಆದರೆ ಏನಂತ ಬರೆಯಬೇಕು?”

ಸೋದರಿ, ಈ ಪ್ರಶ್ನೆ ಕೊಟ್ಟೂರಿನ ನಮ್ಮ ಮನೆಯಲ್ಲೂ ಈಗ ಎದ್ದಿದೆ. ಬರುವ ವೈಶಾಖದಲ್ಲಿ ನನ್ನ ಮಗಳ ಮದುವೆ. ನಿಮ್ಮ ಮಗ ಹೇಳುವುದೂ ಸರಿ, ಯಜಮಾನರು ಹೇಳುವುದೂ ಸರಿ. ಇಬ್ಬರಿಗೂ ಒಪ್ಪುವಂತೆ ಬರೆಯುವುದೇ ಕಷ್ಟ.

ಮೊದಲೇ ತಿಳಿಸಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಎಷ್ಟು ಮನೆಗಳ ಮಕ್ಕಳು ಈಗ ಬೆಂಗಳೂರಿನಲ್ಲಿದ್ದಾರೆ! ಕೆಲವರು ಕಂಪನಿಯಲ್ಲಿ, ಕೆಲವರು ಕಟ್ಟಡದ ಕೆಲಸದಲ್ಲಿ. ಇಬ್ಬರಿಗೂ ರಜೆ ಸುಮ್ಮನೆ ಸಿಕ್ಕುವುದಿಲ್ಲ. ರೈಲಿನ ಟಿಕೆಟ್ಟು ಮೊದಲು ನಾಲ್ಕು ತಿಂಗಳ ಮುಂಚೆ ತೆಗೆಸಬಹುದಿತ್ತು, 2024ರ ನವೆಂಬರಿನಿಂದ ಅದು 60 ದಿನಕ್ಕೆ ಇಳಿದಿದೆ. ಆದ್ದರಿಂದ ಎರಡೂವರೆ ತಿಂಗಳು ಮುಂಚೆ ಸುದ್ದಿ ತಲುಪಿದರೆ ದೂರದವರಿಗೆ ಅನುಕೂಲ.

ಆದರೆ ಕಾರ್ಡಿಗಿಂತ ಮೊದಲು ತಾರೀಖು ನೋಡಿಕೊಳ್ಳಿ. ಮಾಘದಲ್ಲಿ ಭರತ ಹುಣ್ಣಿಮೆಯ ಹಿಂದೆಮುಂದೆ ಮೈಲಾರದ ಕಾರಣಿಕ, ಉಚ್ಚಂಗಿದುರ್ಗದ ಜಾತ್ರೆ. ಅದಾದ ಮೇಲೆ ಶಿವರಾತ್ರಿಯ ಹೊತ್ತಿಗೆ ನಮ್ಮ ಕೊಟ್ಟೂರೇಶ್ವರನ ತೇರು, ಕುರುವತ್ತಿಯ ಬಸವೇಶ್ವರನ ಜಾತ್ರೆ. ತೇರಿನ ವಾರದಲ್ಲಿ ಪಾದಯಾತ್ರೆಯವರಿಂದ ದಾರಿ ತುಂಬಿರುತ್ತದೆ, ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ದಿನಗಳಲ್ಲಿ ಲಗ್ನ ಇಟ್ಟುಕೊಂಡು ಎಷ್ಟು ಚೆಂದದ ಕಾರ್ಡು ಕಳಿಸಿದರೇನು?

ಇನ್ನು ಬರವಣಿಗೆ. ಇದರಲ್ಲಿ ನಾನು ಪೆಟ್ಟು ತಿಂದವಳು, ಅದನ್ನೇ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಮೈದುನನ ಮಗನ ಮದುವೆ. ಮನೆಯ ಹುಡುಗರು ಸೇರಿ ಫೋನಿನಲ್ಲೇ ಕಾರ್ಡು ಮಾಡಿದರು. ಹೂವು, ಹಾಡು, ಹುಡುಗ ಹುಡುಗಿಯ ಫೋಟೋ ಎಲ್ಲ ಇತ್ತು. ಮೇಲೆ “ದಿನವನ್ನು ಉಳಿಸಿರಿ” ಅಂತ, ಕೆಳಗೆ “ದಂಪತಿ ಸಮೇತರಾಗಿ ಬನ್ನಿ” ಅಂತ. ನನಗೆ ತೋರಿಸಿದರು. ನಾನೂ ಓದಿ, ಚೆನ್ನಾಗಿದೆ ಅಂದೆ. ಅಂದದ್ದಷ್ಟೇ ಅಲ್ಲ, ನನ್ನ ಫೋನಿನಿಂದ ನಾನೇ ನಮ್ಮ ಬಳಗಕ್ಕೆಲ್ಲ ಕಳಿಸಿದೆ.

ಮದುವೆಗೆ ಹರಪನಹಳ್ಳಿಯ ನಮ್ಮ ಚಿಕ್ಕತ್ತೆ ಬರಲಿಲ್ಲ. ನಮ್ಮ ಮೈದುನನನ್ನು ಎತ್ತಿ ಆಡಿಸಿದವರು ಅವರು. ಮೈಯಲ್ಲಿ ಹುಷಾರಿಲ್ಲವೇನೋ ಅಂದುಕೊಂಡು, ಮದುವೆ ಮುಗಿದ ವಾರಕ್ಕೆ ಹೋಳಿಗೆ ಕಟ್ಟಿಕೊಂಡು ನಾನೇ ಹೋದೆ. ಗಟ್ಟಿಯಾಗಿಯೇ ಇದ್ದರು. ಹೋಳಿಗೆ ಇಸಕೊಂಡು ಒಳಗಿಟ್ಟು ಬಂದರು. “ಕಾರ್ಡಿನ್ಯಾಗ ದಂಪತಿ ಸಮೇತ ಅಂತ ಬರ್ದಿತ್ತಲ್ಲವ್ವಾ, ನನ್ನ ಜೋಡಿ ಯಾರನ್ನ ಕರ್ಕಂಡು ಬರ್ಲಿ?” ಅಂದರು. ಸಿಟ್ಟಿನಿಂದ ಅಂದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಸುಮ್ಮನೆ ಕೇಳಿದರು. ಚಿಕ್ಕಮಾವ ತೀರಿಕೊಂಡು ಆಗ ಎಂಟು ವರ್ಷವಾಗಿತ್ತು. ಪತ್ರಿಕೆ ಹಿಡಿದು ಅವರ ಮನೆಗೆ ಯಾರಾದರೂ ಹೋಗಿದ್ದರೆ ಆ ಒಂದು ಮಾತು ಮುಚ್ಚಿಹೋಗುತ್ತಿತ್ತೋ ಏನೋ. ಕಾರ್ಡು ಹೋಗಿದೆಯಲ್ಲ ಅಂತ ಯಾರೂ ಹೋಗಿರಲಿಲ್ಲ.

ಆ “ದಿನ ಉಳಿಸಿರಿ” ಎಂಬುದೂ ನಮ್ಮ ಮಾತಲ್ಲ. “ಇರೋದೇ ನಾಕು ದಿನ, ನಾನೇನು ಉಳಿಸ್ಲಿ?” ಅಂತ ಅದನ್ನೂ ಕೇಳಿದರು ಅತ್ತೆ.

ಅದಕ್ಕೇ ಹೇಳುತ್ತೇನೆ, ಒಂದೇ ಕಾರ್ಡು ನೂರು ಮನೆಗೆ ಹೋಗುವಾಗ ಅದರಲ್ಲಿ “ದಂಪತಿ” ಬೇಡ, “ಜೋಡಿಯಾಗಿ” ಬೇಡ. ಮನೆಮಂದಿಯೆಲ್ಲ ಅಂದರೆ ಒಂಟಿಯಾಗಿರುವವರೂ ಅದರಲ್ಲಿ ಬಂದರು, ಮದುವೆಯಾಗದ ಮೇಷ್ಟ್ರೂ ಬಂದರು. ಮತ್ತೆ, ಇದು ಸುದ್ದಿಯೇ ಹೊರತು ಕರೆಯುವುದಲ್ಲ ಎಂಬುದನ್ನು ಬಾಯಿ ಬಿಟ್ಟು ಬರೆಯಿರಿ. ನಮ್ಮ ಕಡೆ ಹೊಸ್ತಿಲು ತುಳಿದು, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟರೇ ಕರೆದ ಹಾಗೆ. 2020ರಲ್ಲಿ ಲಾಕ್‌ಡೌನ್ ಆಗಿ ಮದುವೆಗೆ ಐವತ್ತೇ ಜನ ಎಂದಾಗ ಫೋನಿನ ಕರೆಯನ್ನು ಎಲ್ಲರೂ ಒಪ್ಪಿಕೊಂಡರು. ಈಗ ಆ ನೆಪ ನಡೆಯುವುದಿಲ್ಲ.

ನಾನು ಮಗಳ ಮದುವೆಗೆ ಬರೆದುಕೊಂಡದ್ದು ಇದು. ಹೆಸರು ಬದಲಿಸಿಕೊಂಡು ನೀವೂ ಬಳಸಬಹುದು:

“ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ. ನಮ್ಮ ಮಗಳು ಚಿ|| ಕುಂ|| ಸೌ|| (ಹೆಸರು) ಮದುವೆ ಗೊತ್ತಾಗಿದೆ. ಇಂಥ ತಾರೀಖು, ಇಂಥ ವಾರ, ಕೊಟ್ಟೂರಿನಲ್ಲಿ. ಆ ದಿನ ಬೇರೆ ಕೆಲಸ ಇಟ್ಟುಕೊಳ್ಳದೆ ಮನೆಮಂದಿಯೆಲ್ಲ ಬರಬೇಕೆಂದು ಮೊದಲೇ ತಿಳಿಸುತ್ತಿದ್ದೇವೆ. ಇದು ಸುದ್ದಿ ಮಾತ್ರ. ಕರೆಯುವುದಕ್ಕೆ ಪತ್ರಿಕೆ ಹಿಡಿದು ಮನೆಗೆ ಬರುತ್ತೇವೆ.”

ಕೆಳಗೆ ತಂದೆತಾಯಿಯರ ಹೆಸರು. ಮೇಲಿನ ಸಾಲಿಗೆ ನಿಮ್ಮ ನಿಮ್ಮ ಮನೆದೇವರು. ಹಡಗಲಿ ಕಡೆಯವರು ಮೈಲಾರಲಿಂಗನ ಹೆಸರು ಹಾಕುತ್ತಾರೆ, ಹರಪನಹಳ್ಳಿ ಕಡೆ ಉಚ್ಚಂಗಮ್ಮ. ದೂರದೂರಿನವರಿಗೆ ಕೊನೆಯ ಸಾಲು ಬೇರೆ ಮಾಡಿ: “ಪತ್ರಿಕೆ ಅಂಚೆಯಲ್ಲಿ ಕಳಿಸಿ ಫೋನ್ ಮಾಡುತ್ತೇವೆ.” ಹೋಗಲಾಗದ ಮನೆಗೆ ಬರುತ್ತೇವೆ ಅಂತ ಬರೆದು ಹೋಗದಿದ್ದರೆ, ಬರೆಯದೆ ಇದ್ದದ್ದಕ್ಕಿಂತ ಕೆಟ್ಟದು. ಮುಹೂರ್ತದ ಗಳಿಗೆ, ಕಲ್ಯಾಣಮಂಟಪ ಇವೆಲ್ಲ ಪಕ್ಕಾ ಆಗದೆ ಹಾಕಬೇಡಿ, ತಾರೀಖು ಮತ್ತು ಊರು ಸಾಕು. ನಿಶ್ಚಿತಾರ್ಥ ಮುಗಿಯುವ ತನಕ ಯಾವುದನ್ನೂ ಕಳಿಸಬೇಡಿ.

ಅಂದ ಹಾಗೆ, ಪತ್ರಿಕೆಯಲ್ಲಿ ಜಿಲ್ಲೆಯ ಹೆಸರನ್ನೂ ನೋಡಿಕೊಳ್ಳಿ. ಹಳೆಯ ಪತ್ರಿಕೆ ಎದುರಿಗಿಟ್ಟುಕೊಂಡು ಅಚ್ಚು ಹಾಕಿಸುವವರು ಇನ್ನೂ ಬಳ್ಳಾರಿ ಅಂತಲೇ ಹಾಕಿಸುತ್ತಾರೆ. ಹರಪನಹಳ್ಳಿಯವರದಂತೂ ಕೇಳಲೇಬೇಡಿ. ಬಳ್ಳಾರಿಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯಿತು, ತಿರುಗಿ ಬಳ್ಳಾರಿಗೆ ಬಂತು, 2021ರಿಂದ ನಮ್ಮೆಲ್ಲರ ಜೊತೆ ವಿಜಯನಗರ.

ಇನ್ನೊಂದು ಎಚ್ಚರಿಕೆ. ಮದುವೆ ಕಾರ್ಡು ಅಂತ ಮೋಸಗಾರರು ಫೋನಿಗೆ ಆಪ್ ಕಳಿಸಿ, ಒತ್ತಿದವರ ಬ್ಯಾಂಕಿನ ದುಡ್ಡು ದೋಚುತ್ತಿದ್ದಾರೆ. ನೀವು ಕಳಿಸುವಾಗ ಬರಿ ಚಿತ್ರವಾಗಿ ಕಳಿಸಿ, ಜೊತೆಗೆ ನಿಮ್ಮ ದನಿಯಲ್ಲಿ ಎರಡು ಮಾತು ಹೇಳಿ. ಗುರುತಿಲ್ಲದ ನಂಬರಿನಿಂದ ಬಂದದ್ದನ್ನು ನೀವು ಒತ್ತಬೇಡಿ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ನಮ್ಮ ಕಾರ್ಡು ಮುಂದಿನ ಸೋಮವಾರ ಹೋಗುತ್ತದೆ. ಮಗಳು ಇವತ್ತೇ ಕಳಿಸೋಣ ಅಂತಿದ್ದಳು, ನಾನೇ ತಡೆದಿದ್ದೆ. ಮೊನ್ನೆ ಹರಪನಹಳ್ಳಿಗೆ ಹೋಗಿ ಚಿಕ್ಕತ್ತೆಗೆ ಫೋನಿನಲ್ಲಿ ಬರೆದದ್ದನ್ನು ಓದಿ ಹೇಳಿದೆ. ಮನೆಮಂದಿಯೆಲ್ಲ ಎಂಬಲ್ಲಿಗೆ ಬಂದಾಗ ತಲೆ ಆಡಿಸಿದರು. ಪೂರ್ತಿ ಕೇಳಿದ ಮೇಲೆ ಒಂದೇ ಮಾತು ಕೇಳಿದರು: “ಶ್ಯಾವಿಗೆ ಹೊಸೆಯಾಕ ಎಷ್ಟು ದಿನ ಮುಂಚೆ ಬರ್ಲವ್ವಾ?”

ಎಂಟು ದಿನ ಮುಂಚೆ ಬನ್ನಿ ಅಂತ ಹೇಳಿ ಬಂದಿದ್ದೇನೆ. ಪತ್ರಿಕೆ ಅಚ್ಚಾದ ಕೂಡಲೇ ಮನೆದೇವರಿಗೆ ಇಟ್ಟು, ಅಲ್ಲಿಂದ ನೇರ ಅವರ ಮನೆಗೇ ಹೋಗುತ್ತೇನೆ.