ಕಂಡು ಒಪ್ಪುವ ಹೊಣೆ

ಜ್ಞಾನಭಾರತಿಯ ನೆರೆಯಲ್ಲಿರುವ ನಮ್ಮ ಉಲ್ಲಾಳದಲ್ಲಿ ಗಣಕಯಂತ್ರವುಳ್ಳ ಮನೆಗಳು ವಿರಳವಲ್ಲದಿರುವಾಗ, ಮುಕ್ತ ತಂತ್ರಾಂಶವನ್ನು ಉಚಿತವಾಗಿ ಪಡೆಯುವ ನಾವು ಅದರ ಬಿಡುಗಡೆಯ ಮುನ್ನಿನ ಪರೀಕ್ಷೆಯಲ್ಲಿ ಭಾಗಿಗಳಾಗದಿರುವುದು ನನಗೆ ವ್ಯಥೆಯ ಸಂಗತಿಯಾಗಿದೆ. ಬರವಣಿಗೆಯೇ ಮೊದಲಾದ ಕಚೇರಿ ಕೆಲಸಗಳ ಮುಕ್ತ ತಂತ್ರಾಂಶಕ್ಕಾಗಿ 2010ರಲ್ಲಿ ಆರಂಭಗೊಂಡ ಲಿಬ್ರೆಆಫೀಸ್ ಯೋಜನೆಯಲ್ಲಿ ‘ರಿಲೀಸ್ ಕ್ಯಾಂಡಿಡೇಟ್’ ಎಂಬ ಪರೀಕ್ಷಾರ್ಥ ಪ್ರತಿಗಳು ಮೊದಲು ಹೊರಬರುತ್ತವೆ. ಕಡೆಯದರಲ್ಲಿ ಗುರುತರವಾದ ದೋಷ ಕಾಣದಿದ್ದರೆ ಅದೇ ಪ್ರತಿಯು, ಲವಲೇಶವೂ ಬದಲಾಗದೆ, ಅಂತಿಮವಾಗುತ್ತದೆ. ಮುಕ್ತ ತಂತ್ರಾಂಶಗಳನ್ನೇ ಹೊರತರುವ ಅಪಾಚೆ ಪ್ರತಿಷ್ಠಾನದ ನಿಯಮವಂತೂ ಇನ್ನೂ ಕಠಿನವಾದುದು: ಬಿಡುಗಡೆಗೆ ಕನಿಷ್ಠ 3 ಸಮ್ಮತಿಯ ಮತಗಳು ಬೇಕು; ಆ ಮತವೀಯುವವರು ಮೂಲಸಂಕೇತವನ್ನು ಸ್ವಂತ ಯಂತ್ರಕ್ಕೆ ಇಳಿಸಿಕೊಂಡು, ಅದರ ಡಿಜಿಟಲ್ ಸಹಿಯನ್ನು ತಾಳೆನೋಡಿ, ಕಂಪೈಲ್ ಮಾಡಿ, ಸ್ವತಃ ಪರೀಕ್ಷಿಸಿರಲೇಬೇಕು. ಕಾಣದೆ ಒಪ್ಪಿದುದು ಒಪ್ಪಿಗೆಯೇ ಅಲ್ಲವೆಂಬ ಈ ನಿಷ್ಠುರತೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ‘ರ‍್ಯಾಂಕ್’ ಎಂಬಲ್ಲಿ ರಕಾರವು ತನ್ನ ಸ್ಥಾನದಲ್ಲಿಯೇ ನಿಂತಿತೋ ಅರ್ಕಾವೊತ್ತಾಗಿ ಹಿಂದೆ ಸರಿಯಿತೋ, ‘ಶಾಸ್ತ್ರ’ದ ಒತ್ತಕ್ಷರಗಳು ಸರಿಯಾಗಿ ಕುಳಿತವೋ ಎಂಬುದನ್ನು ಕನ್ನಡವರಿಯದ ದೂರದೇಶದ ಪರೀಕ್ಷಕನು ಹೇಗೆ ತಾನೆ ಕಂಡಾನು? ಅದಕ್ಕೆ ಕನ್ನಡ ಓದಬಲ್ಲ ಕಣ್ಣೇ ಬೇಕು. ನಮ್ಮ ಬಡಾವಣೆಯ ವಿದ್ಯಾರ್ಥಿಗಳು ಒಂದು ಭಾನುವಾರ ಕುಳಿತು, ಲಿಬ್ರೆಆಫೀಸಿನ ಪರೀಕ್ಷಾರ್ಥ ಪ್ರತಿಯಲ್ಲಿ ಕನ್ನಡದ ಕಡತವೊಂದನ್ನು ಟೈಪಿಸಿ, ಉಳಿಸಿ, ಮರಳಿ ತೆರೆದು, ಪಿಡಿಎಫ್ ಮಾಡಿ, ಮುದ್ರಿಸಿ ನೋಡಲಿ. ಕಂಡ ದೋಷವನ್ನು, ಅದು ಕಂಡ ಬಗೆಯ ಸಮೇತ, ಅಂತಿಮ ಪ್ರತಿ ಹೊರಬೀಳುವ ಮುನ್ನವೇ ದಾಖಲಿಸಲಿ.