ಚಕ್ಕಡಿಗೆ ಕೀಲೆಣ್ಣಿ ಹಾಕಿದವರು ನಾವು, ಕಾರಿಗ್ಯಾಕ ಮರೀತೀವಿ?



ನಮ್ಮ ಓಮ್ನಿ ಮೊನ್ನೆ 1,80,000 ಕಿಲೋಮೀಟರ್ ದಾಟಿತು. ಮೀಟರ್ ನೋಡಿದ ಬೀಗರು, “ಇನ್ನೂ ಎಷ್ಟು ದಿನ ಎಳೀತೀರಿ ಇದನ್ನ? ಸಾಲಾ ಮಾಡಿ ಹೊಸಾದು ತಗೊಂಡು ಬಿಡ್ರಿ” ಅಂದ್ರು. ನನಗ ಹಂಗ ಅನ್ಸೂದಿಲ್ಲ. ಗಾಡಿ ವಯಸ್ಸಾಗಿ ಕೆಡೂದಕ್ಕಿಂತ ನಾವು ಎಣ್ಣಿ ಬದಲಿಸದ ಕೆಡಸೂದ ಹೆಚ್ಚು. ಇದನ್ನ ನಾನು ಪೆಟ್ಟು ತಿಂದು ಕಲಿತೀನಿ.

ನಮ್ಮ ಅಜ್ಜ ಉಳವಿ ಜಾತ್ರಿಗೆ ಚಕ್ಕಡಿ ಹೂಡೂ ಮೊದಲ ಗಾಲಿ ಕಳಚಿ ಅಚ್ಚಿಗೆ ಕೀಲೆಣ್ಣಿ ಹಚ್ಚತಿದ್ದ. ಟ್ರ್ಯಾಕ್ಟರ್ ಇದ್ದವರು ತಾಸು ಲೆಕ್ಕ ಹಾಕಿ ಆಯಿಲ್ ಬದಲಿಸ್ತಾರ. ಅದ ಮನಿ ಮುಂದ ನಿಂತ ಕಾರಿಗೆ ಮಾತ್ರ, ಓಡ್ತೈತಲ್ಲ ಅಂತ ಬಿಡ್ತೀವಿ. ನಾನೂ ಹಂಗ ಬಿಟ್ಟಿದ್ದೆ.

ಮೂರು ವರ್ಷದ ಹಿಂದ ಸೋಯಾ ರಾಶಿ ಮುಗಿಸಿ ಮನಿ ಮಂದಿನೆಲ್ಲಾ ಕರಕೊಂಡು ಗೋಕರ್ಣಕ್ಕ ಹೊಂಟಿದ್ವಿ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯೂಮುಂದ ಬ್ರೇಕ್ ಪೆಡಲ್ ಸ್ಪಂಜಿನಂಗ ಮೆತ್ತಗಾತು. ಮೂರ್ನಾಲ್ಕು ಸಲ ತುಳಿದ್ರ ಸ್ವಲ್ಪ ಹಿಡೀತಿತ್ತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಸಾವಕಾಶ ಎಳದು, ಗುಡ್ಡದ ಮಗ್ಗಲಿಗೆ ಹ್ಯಾಂಗೋ ನಿಲ್ಲಿಸಿದೆ. ಹಿಂದ ಕುಂತ ಅವ್ವ ಒಂದು ಮಾತೂ ಆಡಲಿಲ್ಲ. ಮೊಮ್ಮಗನ್ನ ಗಟ್ಟಿ ಹಿಡಕೊಂಡು ಕುಂತಿದ್ಲು. ಅರ್ಧಾ ತಾಸು ಆದಮ್ಯಾಲೆ ಪೆಡಲ್ ತಾನ ಗಟ್ಟಿ ಆತು. ಎರಡನೇ ಗೇರಿನ್ಯಾಗ ಇಳದು ಅಂಕೋಲಾದಾಗ ಮೆಕ್ಯಾನಿಕ್‌ಗೆ ತೋರಿಸಿದೆ. ಅಂವಾ ಹೊರಗ ತಗದ ಬ್ರೇಕ್ ಆಯಿಲ್ ಚಾದ ಡಿಕಾಕ್ಷನ್ ಇದ್ದಂಗ ಇತ್ತು. ಸೆಕೆಂಡ್ ಹ್ಯಾಂಡ್ ಗಾಡಿ. ತಗೊಂಡಾಗಿಂದ ನಾನು ಅದನ್ನ ಒಮ್ಮೆನೂ ಬದಲಿಸಿರಲಿಲ್ಲ.

ಆಗಿದ್ದು ಇಷ್ಟ. ಬ್ರೇಕ್ ಆಯಿಲ್ ಗಾಳಿಯೊಳಗಿನ ತೇವ ಹೀರತೈತಿ. ಡಾಟ್-3 ಆಯಿಲ್ ಹೊಸಾದಿದ್ದಾಗ 205 ಡಿಗ್ರಿ ತನಕ ಕುದಿಯೂದಿಲ್ಲ. ನೂರಕ್ಕ 3.7 ಪಾಲು ನೀರು ಸೇರಿದ್ರ 140 ಡಿಗ್ರಿಗೇ ಕುದಿಬಹುದು. ಘಟ್ಟದಾಗ ಒಂದೇ ಸವನ ಬ್ರೇಕ್ ತುಳಿದ್ರ ಕಾವು ಏರಿ ಒಳಗ ಆವಿ ಆಗತೈತಿ, ಪೆಡಲ್ ಮೆತ್ತಗಾಗತೈತಿ. ಆರಿದ ಮ್ಯಾಲೆ ಸರಿ ಆದಂಗ ಕಾಣತೈತಿ, ಅದಕ್ಕ ನಾವು ಮೋಸ ಹೋಗ್ತೀವಿ. ಎರಡು ವರ್ಷಕ್ಕೊಮ್ಮೆ ಬದಲಿಸ್ರಿ. ಒಂದು ಸಣ್ಣ ಬಾಟ್ಲಿ ಆಯಿಲ್, ಒಂದು ತಾಸಿನ ಕೆಲಸ. ಇದರಾಗ ಉಳಿಸಿದ ರೊಕ್ಕಕ್ಕ ಬೆಲೆ ಇಲ್ರೀ.

ಎಂಜಿನ್ ಆಯಿಲ್ ಮಾತಿಗೆ ಬಂದ್ರ, “ನಂದು ವರ್ಷಕ್ಕ ನಾಕೈದು ಸಾವಿರ ಕಿಲೋಮೀಟರ್ ಅಷ್ಟ ಓಡತೈತಿ” ಅನ್ನವರು ಭಾಳ ಮಂದಿ. ಆದ್ರ ಹೊಲಕ್ಕ, ಡೇರಿಗೆ ಅಂತ ಮೂರು-ನಾಕು ಕಿಲೋಮೀಟರ್ ಓಡಿಸಿ ಬಂದ್ ಮಾಡಿದ್ರ ಎಂಜಿನ್ ಪೂರಾ ಕಾಯೂದಿಲ್ಲ. ತೇವ, ಪೆಟ್ರೋಲ್ ಆಯಿಲಿನ್ಯಾಗ ಉಳೀತಾವ. ಅದಕ್ಕ ಕಿಲೋಮೀಟರ್ ಆಗದಿದ್ರೂ ನಾನು ಆರು ತಿಂಗಳಿಗೆ ಬದಲಿಸ್ತೀನಿ, ಜೋಡಿ ಫಿಲ್ಟರ್ ಸುದ್ದಾ. ಸಪಾಟ ಜಾಗಾದಾಗ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ನೋಡ್ರಿ. ಆಯಿಲ್ ಎರಡು ಗೆರಿ ನಡುವ ಇರಬೇಕು. ಹೆಚ್ಚಾದ್ರೂ ಕೆಟ್ಟದ್ದು.

ರೇಡಿಯೇಟರಿಗೆ ಬೋರಿನ ನೀರು ಹಾಕಬ್ಯಾಡ್ರಿ. ಪಾತ್ರಿಗೆ ಬಿಳೇ ಪದರ ಹಿಡಿಸೂ ನೀರು ಒಳಗ ಬಿಡತೈತೇನು? ಕೂಲಂಟ್ ಹಾಕ್ರಿ, ಬೆರಸೂದಿದ್ರ ಡಿಸ್ಟಿಲ್ಡ್ ವಾಟರ್ ಬೆರಸ್ರಿ. ಕಾದಾಗ ಮುಚ್ಚಳ ಮುಟ್ಟಬ್ಯಾಡ್ರಿ. ಎರಿ ಹೊಲದ ಧೂಳು ಏರ್ ಫಿಲ್ಟರ್ ಕಟ್ಟಿಸತೈತಿ. ರಾಶಿ ಮುಗದ ಕೂಡಲೇ ತಗದು ನೋಡ್ರಿ. ಓಮ್ನಿ ಇದ್ದವರು ಇನ್ನೊಂದು ನೆನಪಿಡ್ರಿ: ಇದಕ್ಕ ಹಿಂದಿನ ಗಾಲಿ ಎಳೀತಾವ. ಗೇರ್‌ಬಾಕ್ಸಿಗೆ ಹಾಕಿದಂಗ ಹಿಂದಿನ ಗಡ್ಡಿಗೂ ಬ್ಯಾರೆ ಆಯಿಲ್ ಐತಿ. ಕೇಳಿ ಹಾಕಿಸದಿದ್ರ ಎಷ್ಟೋ ಕಡೆ ಬಿಟ್ಟು ಬಿಡ್ತಾರ.

ಹಳೇ ಆಯಿಲ್ ಬದುವಿಗೆ, ಗಟಾರಕ್ಕ ಸುರಿಬ್ಯಾಡ್ರಿ. ಡಬ್ಬಿ ತುಂಬಿ ಗ್ಯಾರೇಜಿಗೆ ಕೊಡ್ರಿ. ಅದು ನಮ್ಮ ಮಣ್ಣು, ನಮ್ಮ ಬಾವಿ.

ಓಮ್ನಿ ತಯಾರಿಕೆ 2019ರಾಗ ನಿಂತೈತಿ, ಅದರ ಜಾಗಾಕ್ಕ ಹೊಸಾದು ಅಂದ್ರ ದೊಡ್ಡ ಸಾಲನ. ಕಂತು ಮಳಿ ಬಂದ್ರೂ ಬರತೈತಿ, ಹೋದ್ರೂ ಬರತೈತಿ. ಆದ್ರ ಹಳೇದನ್ನ ಹ್ಯಾಂಗರ ಇಟಗೋರಿ ಅಂತ ನಾನು ಹೇಳೂದಿಲ್ಲ. 15 ವರ್ಷ ಆದಮ್ಯಾಲೆ ಆರ್‌ಟಿಓದಾಗ ತಪಾಸಣಿ ಮಾಡಿಸಿ ನೋಂದಣಿ ನವೀಕರಿಸಬೇಕು. ಚಾಸಿ ತುಕ್ಕು ಹಿಡದು ತೂತು ಬಿದ್ದಿದ್ರ ಎಷ್ಟು ಆಯಿಲ್ ಹಾಕಿದ್ರೂ ಉಪಯೋಗ ಇಲ್ಲ, ಕೊಟ್ಟು ಬಿಡ್ರಿ. ಚಾಸಿ, ಎಂಜಿನ್ ಗಟ್ಟಿ ಇದ್ರ ಮಾತ್ರ ಸೀಟ್ ಕವರಿಗೆ ಹಾಕೂ ರೊಕ್ಕ ಆಯಿಲಿಗೆ ಹಾಕ್ರಿ.

ಈಗ ನಮ್ಮ ಗಾಡಿ ಡ್ರಾಯರಿನ್ಯಾಗ 20 ರೂಪಾಯಿದ್ದೊಂದು ನೋಟ್‌ಬುಕ್ ಐತಿ. ಯಾವ ಆಯಿಲ್, ಯಾವ ತಾರೀಖು, ಎಷ್ಟು ಕಿಲೋಮೀಟರಿಗೆ ಅಂತ ಬರೀತೀನಿ. ಮೊದಲನೇ ಹಾಳಿ ಮ್ಯಾಲೆ ಅಂಕೋಲಾದ ಬ್ರೇಕ್ ಆಯಿಲ್ ಐತಿ.

ನಿಮ್ಮ ಗಾಡಿ ಬ್ರೇಕ್ ಆಯಿಲ್ ಯಾವಾಗ ಬದಲಿಸೀರಿ? ನೆನಪಾಗಲಿಲ್ಲಂದ್ರ, ನಾಳೆ ಡೇರಿಗೆ ಹಾಲು ಹಾಕಿ ಬರೂಮುಂದ ಗ್ಯಾರೇಜಿಗೆ ತಿರುಗಸ್ರಿ.